ಕಣ್ಣಿಗೂ ಕಿವಿಗೂ ಸಲ್ಲುವ ವೆಬ್ ಪುಟ

ಬ್ರೌಸರ್‌ನಲ್ಲಿ ತೆರೆದುಕೊಳ್ಳುವ ಯಾವ ವೆಬ್ ತಾಣಕ್ಕೂ ಎರಡು ಬದಿಗಳಿವೆ. ಓದುಗರ ಮುಂದೆ ಬಂದು ನಿಲ್ಲುವ ಅಕ್ಷರ, ಚಿತ್ರ, ಬಟನ್, ಅರ್ಜಿ ಒಂದು ಬದಿ. ದೂರದ ಸರ್ವರ್‌ನಲ್ಲಿ ಮಾಹಿತಿಯನ್ನು ಕೂಡಿಟ್ಟು, ಕೇಳಿದಾಗ ಒದಗಿಸುವ ವ್ಯವಸ್ಥೆ ಇನ್ನೊಂದು ಬದಿ. ಮೊದಲನೆಯದನ್ನು ಕಟ್ಟುವ ಕೆಲಸಕ್ಕೆ ಫ್ರಂಟ್-ಎಂಡ್ ಡೆವಲಪ್‌ಮೆಂಟ್ ಎನ್ನುತ್ತಾರೆ. ಅದಕ್ಕೆ ಬೇಕಾದ ಭಾಷೆಗಳು ಮೂರು. ಪುಟದಲ್ಲಿ ಏನೇನಿದೆ ಎಂದು ಹೇಳುವುದು ಎಚ್‌ಟಿಎಂಎಲ್. ಅದು ಹೇಗೆ ಕಾಣಬೇಕು ಎಂದು ತಿಳಿಸುವುದು ಸಿಎಸ್‌ಎಸ್. ಒತ್ತಿದಾಗ, ಬರೆದಾಗ ಏನಾಗಬೇಕು ಎಂಬುದನ್ನು ನೋಡಿಕೊಳ್ಳುವುದು ಜಾವಾಸ್ಕ್ರಿಪ್ಟ್.

ಈ ಮೂರೂ ಒಟ್ಟಿಗೆ ಹುಟ್ಟಿದವಲ್ಲ. ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ವೆಬ್‌ನ ಯೋಜನೆಯನ್ನು ಮುಂದಿಟ್ಟರು. ಮರುವರ್ಷದ ಕೊನೆಯ ಹೊತ್ತಿಗೆ ಮೊದಲ ಪುಟ ಸಿದ್ಧವಾದಾಗ ಇದ್ದದ್ದು ಎಚ್‌ಟಿಎಂಎಲ್ ಒಂದೇ. ಪುಟವೆಂದರೆ ಶೀರ್ಷಿಕೆ, ಪ್ಯಾರಾ, ಕೊಂಡಿ, ಅಷ್ಟೇ. ಬಣ್ಣ, ಅಂಕಣ, ಅಲಂಕಾರಗಳ ಬೇಡಿಕೆ ಬಂದಾಗ ಹಾಕನ್ ವಿಯುಮ್ ಲೀ 1994ರಲ್ಲಿ ಸಿಎಸ್‌ಎಸ್ ಸೂಚಿಸಿದರು, 1996ರ ಡಿಸೆಂಬರ್‌ನಲ್ಲಿ ಅದು ಮಾನದಂಡವಾಯಿತು. ನಡುವೆ 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪವನ್ನು ಬರೆದು ಮುಗಿಸಿದ್ದರು. ಕಲಿಯುವವರು ಮೊದಲು ವಿಷಯ, ಆಮೇಲೆ ರೂಪ, ಕೊನೆಗೆ ಚಲನೆ ಎಂಬ ಕ್ರಮದಲ್ಲಿ ಹೋಗುವುದು ಒಳ್ಳೆಯದು. ಇಂದಿನ ಎಷ್ಟೋ ಕೋರ್ಸ್‌ಗಳು ಇದನ್ನು ತಲೆಕೆಳಗು ಮಾಡಿ ಮೊದಲ ವಾರವೇ ರಿಯಾಕ್ಟ್‌ನಂಥ ಫ್ರೇಮ್‌ವರ್ಕ್, ಅಂದರೆ ಸಿದ್ಧ ಕೋಡ್‌ನ ಚೌಕಟ್ಟು, ಕೈಗೆ ಕೊಡುತ್ತವೆ. ಆ ದಾರಿಯಲ್ಲಿ ಬಂದವರಿಗೆ ಬಟನ್ ಯಾವುದು, ಬಟನ್‌ನಂತೆ ಬಣ್ಣ ಬಳಿದುಕೊಂಡ ಬರೀ ಪೆಟ್ಟಿಗೆ ಯಾವುದು ಎಂಬ ವ್ಯತ್ಯಾಸವೇ ಗೊತ್ತಿರುವುದಿಲ್ಲ.

ಅಭ್ಯಾಸಕ್ಕೆ ತಕ್ಕದ್ದು ಲ್ಯಾಂಡಿಂಗ್ ಪೇಜ್. ಒಂದೇ ಉದ್ದೇಶಕ್ಕಾಗಿ ಮಾಡಿದ ಒಂದೇ ಪುಟ ಅದು: ಒಂದು ವಸ್ತು, ಸೇವೆ ಅಥವಾ ಕಾರ್ಯಕ್ರಮವನ್ನು ಪರಿಚಯಿಸಿ, ಓದಿದವರು ಕೊಳ್ಳುವಂತೆ, ಹೆಸರು ಕೊಡುವಂತೆ, ಇಲ್ಲವೇ ಕರೆ ಮಾಡುವಂತೆ ಮಾಡುವುದು ಅದರ ಕೆಲಸ. ವೆಬ್ ವಿದ್ಯೆಯನ್ನು ಉಚಿತವಾಗಿ ಕಲಿಸುವ ಫ್ರೀಕೋಡ್‌ಕ್ಯಾಂಪ್‌ನ ಪಠ್ಯದಲ್ಲೂ ಲ್ಯಾಂಡಿಂಗ್ ಪೇಜ್ ಕಟ್ಟುವ ಯೋಜನೆಯಿದೆ. ಪುಟ ಚಿಕ್ಕದಾದರೂ ಶೀರ್ಷಿಕೆ, ಮೆನು, ಚಿತ್ರ, ವಿಡಿಯೊ, ಅರ್ಜಿ, ಅಡಿಭಾಗ ಎಲ್ಲವೂ ಅದರಲ್ಲಿ ಬಂದುಹೋಗುತ್ತವೆ.

ಈ ಲೇಖನದ ಮಟ್ಟಿಗೆ ಒಂದು ಪುಟವನ್ನು ಕಲ್ಪಿಸಿಕೊಳ್ಳಬಹುದು: ಕರಾವಳಿಯ ಒಂದೂರಿನಲ್ಲಿ ಬೇಸಗೆ ರಜೆಗೆ ಮಕ್ಕಳಿಗಾಗಿ ನಡೆಯುವ ಯಕ್ಷಗಾನ ಶಿಬಿರದ ಪುಟ. ಶಿಬಿರ ಎಂದು, ಎಲ್ಲಿ, ಶುಲ್ಕವೆಷ್ಟು, ಕಲಿಸುವುದೇನು, ಹೆಸರು ನೋಂದಾಯಿಸುವುದು ಹೇಗೆ – ಇಷ್ಟು ಹೇಳಬೇಕು.

ಪುಟವನ್ನು ಓದುವವರು ಯಾರು?

ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳುವುದಕ್ಕೆ ಆಕ್ಸೆಸಿಬಿಲಿಟಿ ಎನ್ನುತ್ತಾರೆ; ಪುಟ ಎಲ್ಲರಿಗೂ ಎಟುಕಬೇಕು ಎಂಬುದು ಅದರ ಸಾರ. ಶಿಬಿರಕ್ಕೆ ಮಗುವನ್ನು ಸೇರಿಸಬೇಕೆಂದಿರುವ ತಂದೆಗೆ ಕಣ್ಣು ಕಾಣದಿರಬಹುದು. ಅವರ ಮೊಬೈಲ್‌ನಲ್ಲಿರುವ ಸ್ಕ್ರೀನ್ ರೀಡರ್ ತಂತ್ರಾಂಶ ಪುಟವನ್ನು ಓದಿ ಹೇಳುತ್ತದೆ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುವ ಅಜ್ಜನಿಗೆ ಮೌಸ್ ಹಿಡಿಯುವುದು ಕಷ್ಟ. ಕೀಬೋರ್ಡಿನ ಟ್ಯಾಬ್ ಕೀಲಿ ಒತ್ತುತ್ತಾ ಮುಂದೆ ಸಾಗುತ್ತಾರೆ. ಕಿವಿ ಕೇಳದ ತಾಯಿಗೆ ವಿಡಿಯೊದ ಮಾತು ಅಕ್ಷರವಾಗಿ ಬೇಕು. ಪೊರೆ ಬಂದ ಕಣ್ಣಿಗೆ ಬೂದುಬಣ್ಣದ ಸಣ್ಣ ಅಕ್ಷರ ಕಾಣದು. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಂಗವಿಕಲರ ಸಂಖ್ಯೆ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ಮಧ್ಯಾಹ್ನದ ಬಿಸಿಲಿನಲ್ಲಿ ಬಸ್ ನಿಲ್ದಾಣದಲ್ಲಿ ನಿಂತು, ಒಂದು ಕೈಯಲ್ಲಿ ಚೀಲ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಮೊಬೈಲ್ ಒತ್ತುವವರು ಈ ಲೆಕ್ಕದಲ್ಲಿಲ್ಲ. ಅವರಿಗೂ ಇದೇ ಪುಟ ಸುಲಭವಾಗುತ್ತದೆ.

ಎಟುಕುವ ಪುಟ ಹೇಗಿರಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ನಿಯಮಗಳಿವೆ. 1994ರಲ್ಲಿ ಸ್ಥಾಪನೆಯಾದ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 1999ರಲ್ಲಿ ಹೊರತಂದ ಈ ನಿಯಮಾವಳಿಗೆ ಡಬ್ಲ್ಯೂಸಿಎಜಿ ಎಂದು ಹೆಸರು. 2008ರಲ್ಲಿ ಅದರ ಎರಡನೇ ಆವೃತ್ತಿ, 2018ರಲ್ಲಿ 2.1, 2023ರ ಅಕ್ಟೋಬರ್‌ನಲ್ಲಿ 2.2 ಬಂದವು. ಪುಟದಲ್ಲಿರುವುದು ಗ್ರಹಿಕೆಗೆ ಸಿಗಬೇಕು, ಬಳಸಲು ಬರಬೇಕು, ಅರ್ಥವಾಗಬೇಕು, ಯಾವ ಸಾಧನದಲ್ಲಿ ತೆರೆದರೂ ಕೆಡದೆ ನಿಲ್ಲಬೇಕು ಎಂಬ ನಾಲ್ಕು ತತ್ವಗಳ ಮೇಲೆ ಎಲ್ಲ ನಿಯಮಗಳೂ ನಿಂತಿವೆ. ಎ, ಡಬಲ್ ಎ, ಟ್ರಿಪಲ್ ಎ ಎಂದು ಮೂರು ಹಂತಗಳಿವೆ. ಕಾನೂನುಗಳು ಸಾಮಾನ್ಯವಾಗಿ ಕೇಳುವುದು ಡಬಲ್ ಎ ಹಂತವನ್ನು.

ನಿಯಮಗಳಿದ್ದರೂ ಪಾಲನೆ ಹೇಗಿದೆ ಎಂಬುದನ್ನು ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ವೆಬ್‌ಏಮ್ ಪ್ರತಿವರ್ಷ ಪರೀಕ್ಷಿಸುತ್ತದೆ. 2024ರಲ್ಲಿ ಅದು ತಪಾಸಣೆ ಮಾಡಿದ ಹತ್ತು ಲಕ್ಷ ಮುಖಪುಟಗಳ ಪೈಕಿ ಶೇ 95.9ರಲ್ಲಿ ಯಂತ್ರಕ್ಕೇ ಸಿಕ್ಕಿಬೀಳುವಂಥ ತಪ್ಪುಗಳಿದ್ದವು. ತಪ್ಪುಗಳಲ್ಲಿ ಬಹುಪಾಲು ಆರೇ ಬಗೆಯವು: ಮಸುಕು ಅಕ್ಷರ, ವಿವರಣೆಯಿಲ್ಲದ ಚಿತ್ರ, ಹೆಸರಿಲ್ಲದ ಅರ್ಜಿ ಖಾನೆ, ಖಾಲಿ ಕೊಂಡಿ, ಖಾಲಿ ಬಟನ್, ಭಾಷೆ ತಿಳಿಸದ ಪುಟ. ಇವುಗಳಲ್ಲಿ ಒಂದನ್ನು ಸರಿಪಡಿಸಲೂ ವಿಶೇಷ ಜಾಣ್ಮೆ ಬೇಕಿಲ್ಲ. ಆರೂ ಫ್ರಂಟ್-ಎಂಡ್ ಕಲಿಕೆಯ ಮೊದಲ ಪಾಠಗಳೇ.

ಎಚ್‌ಟಿಎಂಎಲ್: ಅರ್ಧಕ್ಕಿಂತ ಹೆಚ್ಚು ಕೆಲಸ ಇಲ್ಲೇ

ಎಚ್‌ಟಿಎಂಎಲ್‌ನಲ್ಲಿ ಪ್ರತಿಯೊಂದು ಭಾಗವನ್ನೂ ಒಂದು ಟ್ಯಾಗ್‌ನ ಒಳಗೆ ಇಡುತ್ತಾರೆ. ಪುಟದ ತಲೆಭಾಗಕ್ಕೆ ಹೆಡರ್, ಮೆನುವಿಗೆ ನ್ಯಾವ್, ಮುಖ್ಯ ವಿಷಯಕ್ಕೆ ಮೇನ್, ಅಡಿಭಾಗಕ್ಕೆ ಫುಟರ್. ಇವೆಲ್ಲದರ ಬದಲು ಡಿವ್ ಎಂಬ ಒಂದೇ ಟ್ಯಾಗ್ ಬಳಸಿದರೂ ಕಣ್ಣಿಗೆ ಪುಟ ಹಾಗೇ ಕಾಣುತ್ತದೆ, ಕಲಿಯುವವರು ಮೋಸಹೋಗುವುದು ಅಲ್ಲೇ. ಡಿವ್ ಎಂದರೆ ಅರ್ಥವಿಲ್ಲದ ಖಾಲಿ ಪೆಟ್ಟಿಗೆ. ಮೇನ್ ಎಂದು ಬರೆದಿದ್ದರೆ ಸ್ಕ್ರೀನ್ ರೀಡರ್ ಬಳಸುವವರು ಒಂದೇ ಕೀಲಿಯಲ್ಲಿ ಮುಖ್ಯ ವಿಷಯಕ್ಕೆ ಜಿಗಿಯಬಹುದು. ಡಿವ್‌ಗಳ ರಾಶಿಯಲ್ಲಿ ಆ ಸೌಲಭ್ಯವಿಲ್ಲ, ಮೇಲಿನಿಂದ ಕೆಳಕ್ಕೆ ಎಲ್ಲವನ್ನೂ ಕೇಳುತ್ತಾ ಬರಬೇಕು.

ಶೀರ್ಷಿಕೆಗಳಿಗೆ ಎಚ್1ರಿಂದ ಎಚ್6ರವರೆಗೆ ಆರು ಮಟ್ಟಗಳಿವೆ. ಶಿಬಿರದ ಹೆಸರು ಎಚ್1. ದಿನಾಂಕ ಮತ್ತು ಸ್ಥಳ, ಕಲಿಸುವ ವಿಷಯ, ನೋಂದಣಿ ಎಂಬ ವಿಭಾಗಗಳು ಎಚ್2. ವಿಷಯದ ಕೆಳಗೆ ಬರುವ ಹೆಜ್ಜೆಗಾರಿಕೆ, ಮಾತುಗಾರಿಕೆ, ಬಣ್ಣಗಾರಿಕೆ ಎಚ್3. ಅಕ್ಷರ ದೊಡ್ಡದಾಗಿ ಕಾಣಲೆಂದು ಎಚ್1 ಹಾಕುವುದು, ಚಿಕ್ಕದಾಗಲೆಂದು ಎಚ್2ರಿಂದ ನೇರ ಎಚ್5ಕ್ಕೆ ಇಳಿಯುವುದು ತಪ್ಪು. ಗಾತ್ರವನ್ನು ನೋಡಿಕೊಳ್ಳುವುದು ಸಿಎಸ್‌ಎಸ್‌ನ ಕೆಲಸ. ಕಣ್ಣಿರುವವರು ಪುಟದ ಮೇಲೆ ದೃಷ್ಟಿ ಹಾಯಿಸುವಂತೆ ಸ್ಕ್ರೀನ್ ರೀಡರ್ ಬಳಸುವವರು ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತಾ ಪುಟವನ್ನು ಅಂದಾಜು ಮಾಡುತ್ತಾರೆ.

ಪುಟದ ಆರಂಭದ ಎಚ್‌ಟಿಎಂಎಲ್ ಟ್ಯಾಗ್‌ನಲ್ಲೇ ಭಾಷೆಯನ್ನು ತಿಳಿಸುವ ಲ್ಯಾಂಗ್ ಎಂಬ ಗುಣಲಕ್ಷಣ ಇರುತ್ತದೆ. ಕನ್ನಡದಲ್ಲಿ ಪುಟ ಮಾಡುವವರು ಮರೆಯಲೇಬಾರದ ಸಾಲು ಇದು. ಅನೇಕರು ಬಳಸುವ ವಿಎಸ್ ಕೋಡ್ ಎಡಿಟರ್‌ನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಒತ್ತಿ ಟ್ಯಾಬ್ ಕೊಟ್ಟರೆ ಪುಟದ ಅಸ್ಥಿಪಂಜರ ತಾನಾಗಿ ಮೂಡುತ್ತದೆ, ಅದರಲ್ಲಿ ಭಾಷೆ ಇಂಗ್ಲಿಷ್ ಎಂದೇ ಇರುತ್ತದೆ. ಅದನ್ನು ಹಾಗೇ ಬಿಟ್ಟರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯಲ್ಲಿ ಕನ್ನಡ ಓದಲು ಹೊರಟು ತಡವರಿಸುತ್ತದೆ, ಇಲ್ಲವೇ ಸಾಲುಗಟ್ಟಲೆ ಬಿಟ್ಟು ಮುಂದೆ ಹೋಗುತ್ತದೆ. ಕನ್ನಡದ ಸಂಕೇತವನ್ನು, ಅಂದರೆ ಕೆ ಮತ್ತು ಎನ್ ಎಂಬ ಎರಡಕ್ಷರಗಳನ್ನು ಅಲ್ಲಿ ಬರೆದರೆ ಕನ್ನಡದ ದನಿಗೆ ಬದಲಾಗಬೇಕೆಂದು ಅದಕ್ಕೆ ತಿಳಿಯುತ್ತದೆ.

ಇದಕ್ಕೆ ಅಂಟಿಕೊಂಡೇ ಕನ್ನಡದ ಇನ್ನೊಂದು ತೊಡಕಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ನುಡಿ, ಬರಹ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಪಠ್ಯ ಒಳಗಿನಿಂದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗುಪ್ಪೆಯಾಗಿರುತ್ತದೆ. ಫಾಂಟ್ ಅದರ ಮೇಲೆ ಕನ್ನಡದ ಆಕಾರ ಹೊದಿಸಿರುತ್ತದೆ, ಅಷ್ಟೇ. ಸ್ಕ್ರೀನ್ ರೀಡರ್ ಆಕಾರ ನೋಡುವುದಿಲ್ಲ, ಒಳಗಿರುವ ಸಂಕೇತವನ್ನು ಓದುತ್ತದೆ. ಹಾಗಾಗಿ ಡಿಟಿಪಿ ಅಂಗಡಿಯಿಂದ ಬಂದ ಆಹ್ವಾನ ಪತ್ರಿಕೆಯ ಪಠ್ಯವನ್ನು ಪುಟಕ್ಕೆ ಅಂಟಿಸುವ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ನುಡಿ, ಬರಹ ತಂತ್ರಾಂಶಗಳ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಸೌಲಭ್ಯವಿದೆ.

ಪಠ್ಯ ಟೈಪು ಮಾಡುವ ಗೋಜೇ ಬೇಡವೆಂದು ಪೋಸ್ಟರನ್ನೇ ಚಿತ್ರವಾಗಿ ಪುಟಕ್ಕೆ ಅಂಟಿಸುವ ಚಾಳಿ ವಾಟ್ಸ್‌ಆ್ಯಪ್ ಬಂದ ಮೇಲೆ ಹೆಚ್ಚಿದೆ. ದಿನಾಂಕ, ಸ್ಥಳ, ಫೋನ್ ನಂಬರ್ ಎಲ್ಲವೂ ಚಿತ್ರದೊಳಗೆ. ಕಣ್ಣು ಕಾಣದವರಿಗೆ ಅದು ಖಾಲಿ ಜಾಗ; ಕಣ್ಣಿದ್ದವರಿಗೂ ನಂಬರ್ ಒತ್ತಿ ಕರೆ ಮಾಡಲು ಬಾರದು, ಗೂಗಲ್‌ನಲ್ಲಿ ಹುಡುಕಿದರೆ ಸುಲಭಕ್ಕೆ ಸಿಗದು. ಪೋಸ್ಟರ್ ಇರಲಿ, ಆದರೆ ಅದರಲ್ಲಿರುವುದೆಲ್ಲ ಪುಟದಲ್ಲಿ ಅಕ್ಷರವಾಗಿಯೂ ಇರಲೇಬೇಕು.

ಚಿತ್ರಗಳಿಗೆ ಬರೆಯುವ ವಿವರಣೆಗೆ ಆಲ್ಟ್ ಎಂಬ ಗುಣಲಕ್ಷಣವಿದೆ. ಅಲ್ಲಿ ಏನು ಬರೆಯಬೇಕೆಂಬುದು ತಂತ್ರಜ್ಞಾನಕ್ಕಿಂತ ಬರವಣಿಗೆಗೆ ಸೇರಿದ ಪ್ರಶ್ನೆ. ‘ಯಕ್ಷಗಾನದ ಚಿತ್ರ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಕೇದಗೆ ಮುಂದಲೆ ಕಟ್ಟಿದ ಬಾಲಕಿಗೆ ಗುರುಗಳು ಹೆಜ್ಜೆ ತಿದ್ದುತ್ತಿದ್ದಾರೆ’ ಎಂದರೆ ಶಿಬಿರದ ಬಗ್ಗೆ ಕಣ್ಣಿದ್ದವರಿಗೆ ದಕ್ಕುವಷ್ಟು ಕೇಳುವವರಿಗೂ ದಕ್ಕುತ್ತದೆ. ಇದೇ ಚಿತ್ರ ವೇಷಭೂಷಣದ ಬಗೆಗಿನ ಪುಟದಲ್ಲಿದ್ದರೆ ವಿವರಣೆ ಬೇರೆಯಾಗಬೇಕು, ಅಲ್ಲಿ ಮುಂದಲೆ, ಎದೆಪದಕ, ಬಣ್ಣಗಳ ವಿವರ ಬೇಕಾದೀತು. ಅಂಚಿನ ಬಳ್ಳಿ, ಗೆಜ್ಜೆಯ ಸಾಲಿನಂಥ ಬರೀ ಅಲಂಕಾರದ ಚಿತ್ರಕ್ಕೆ ಆಲ್ಟ್ ಬರೆದು ಒಳಗೆ ಖಾಲಿ ಬಿಡಬೇಕು. ಆಗ ಸ್ಕ್ರೀನ್ ರೀಡರ್ ಅದನ್ನು ದಾಟಿ ಹೋಗುತ್ತದೆ. ಆಲ್ಟ್ ಬರೆಯದೇ ಬಿಟ್ಟರೆ ಕೆಲವು ಸ್ಕ್ರೀನ್ ರೀಡರ್‌ಗಳು ಕಡತದ ಹೆಸರನ್ನೇ ಓದಲು ತೊಡಗುತ್ತವೆ, ವಾಟ್ಸ್‌ಆ್ಯಪ್‌ನಿಂದ ಬಂದ ಕಡತದ ಹೆಸರು ಎಷ್ಟುದ್ದ ಇರುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ವಿಡಿಯೊ ಹಾಕುವುದಾದರೆ ಅದು ತಾನಾಗಿ ಸದ್ದು ಮಾಡುತ್ತಾ ಶುರುವಾಗಬಾರದು. ಚೆಂಡೆಯ ಅಬ್ಬರದಲ್ಲಿ ಸ್ಕ್ರೀನ್ ರೀಡರ್‌ನ ದನಿ ಮುಳುಗಿಹೋಗುತ್ತದೆ, ನಿಲ್ಲಿಸುವ ಬಟನ್ ಎಲ್ಲಿದೆ ಎಂದು ಹೇಳುವ ದನಿಯೂ ಅದೇ. ಮಾತಿಗೆ ಕನ್ನಡದಲ್ಲೇ ಕ್ಯಾಪ್ಷನ್ ಬೇಕು, ಅದರಲ್ಲಿ ಭಾಗವತರ ಹಾಡು, ಚೆಂಡೆಯ ಪೆಟ್ಟುಗಳ ಸೂಚನೆಯೂ ಸೇರಬೇಕು.

ಕೊಂಡಿ ಮತ್ತು ಬಟನ್ ನಡುವಿನ ಭೇದ ಸರಳ: ಬೇರೆಡೆಗೆ ಕರೆದೊಯ್ಯುವುದು ಕೊಂಡಿ, ಇದ್ದಲ್ಲೇ ಏನನ್ನಾದರೂ ಮಾಡುವುದು ಬಟನ್. ಡಿವ್‌ಗೆ ಬಣ್ಣ ಬಳಿದು ಬಟನ್ ಎಂದು ತೋರಿಸಿದರೆ ಟ್ಯಾಬ್ ಕೀಲಿ ಅದರ ಮೇಲೆ ನಿಲ್ಲುವುದಿಲ್ಲ, ಎಂಟರ್ ಒತ್ತಿದರೆ ಓಗೊಡುವುದಿಲ್ಲ, ಸ್ಕ್ರೀನ್ ರೀಡರ್ ಅದನ್ನು ಬಟನ್ ಎನ್ನುವುದೂ ಇಲ್ಲ. ನಿಜವಾದ ಬಟನ್ ಟ್ಯಾಗ್‌ನಲ್ಲಿ ಈ ಮೂರೂ ಪುಕ್ಕಟೆ. ಕೊಂಡಿಯ ಮೇಲಿನ ಬರಹ ‘ಇಲ್ಲಿ ಒತ್ತಿ’ ಎಂದಿರಬಾರದು. ಕೊಂಡಿಗಳನ್ನಷ್ಟೇ ಪಟ್ಟಿ ಮಾಡಿ ಕೇಳುವವರಿಗೆ ‘ಇಲ್ಲಿ ಒತ್ತಿ, ಇಲ್ಲಿ ಒತ್ತಿ’ ಎಂದು ನಾಲ್ಕು ಸಲ ಕೇಳಿಸಿದರೆ ಯಾವುದನ್ನು ಒತ್ತುವುದು? ‘ಶಿಬಿರದ ವೇಳಾಪಟ್ಟಿ ನೋಡಿ’ ಎಂದರೆ ಗೊಂದಲವಿಲ್ಲ.

ಇನ್ನು ನೋಂದಣಿ ಅರ್ಜಿ. ಪ್ರತಿ ಖಾನೆಗೂ ಲೇಬಲ್ ಟ್ಯಾಗ್ ಬೇಕು, ಮತ್ತು ಯಾವ ಲೇಬಲ್ ಯಾವ ಖಾನೆಯದು ಎಂಬ ನಂಟನ್ನು ಕೋಡ್‌ನಲ್ಲೇ ಬೆಸೆಯಬೇಕು. ಬಹಳ ಪುಟಗಳಲ್ಲಿ ಲೇಬಲ್ ಬದಲು ಖಾನೆಯೊಳಗೇ ‘ಮಗುವಿನ ಹೆಸರು’ ಎಂದು ತೆಳು ಅಕ್ಷರದಲ್ಲಿ ಬರೆದಿರುತ್ತಾರೆ. ಟೈಪು ಮಾಡಲು ತೊಡಗಿದೊಡನೆ ಅದು ಮಾಯ. ನಡುವೆ ಫೋನ್ ಬಂದು ಮಾತಾಡಿ ಮರಳಿದವರಿಗೆ ತಾವು ಯಾವ ಖಾನೆ ತುಂಬುತ್ತಿದ್ದೆವೆಂಬುದೇ ಮರೆತಿರುತ್ತದೆ. ಫೋನ್ ನಂಬರಿನ ಖಾನೆಯನ್ನು ಟೆಲ್ ಎಂಬ ಬಗೆಯದೆಂದು ಗುರುತಿಸಿದರೆ ಮೊಬೈಲ್‌ನಲ್ಲಿ ಅಂಕಿಗಳ ಕೀಲಿಮಣೆ ತೆರೆಯುತ್ತದೆ. ಪೋಷಕರ ಹೆಸರು, ಫೋನ್ ಖಾನೆಗಳಿಗೆ ಆಟೊಕಂಪ್ಲೀಟ್ ಸೂಚನೆ ಕೊಟ್ಟರೆ ಬ್ರೌಸರ್‌ನಲ್ಲಿ ಮೊದಲೇ ಉಳಿಸಿದ್ದ ವಿವರ ತಾನಾಗಿ ಬಂದು ಕೂರುತ್ತದೆ. ಟೈಪು ಮಾಡುವುದು ಕಷ್ಟವಾದವರಿಗೆ ಇದು ದೊಡ್ಡ ಅನುಕೂಲ.

ಸಿಎಸ್‌ಎಸ್: ಬಣ್ಣಕ್ಕೂ ಲೆಕ್ಕವಿದೆ

ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ನಡುವಿನ ಅಂತರವನ್ನು ಡಬ್ಲ್ಯೂಸಿಎಜಿ ಅಂಕಿಯಲ್ಲಿ ಅಳೆಯುತ್ತದೆ. ಎರಡೂ ಒಂದೇ ಬಣ್ಣವಾದರೆ 1, ಬಿಳಿಯ ಮೇಲೆ ಅಚ್ಚ ಕಪ್ಪಾದರೆ 21. ಮಾಮೂಲಿ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ ಕನಿಷ್ಠ 3 ಇರಬೇಕೆಂಬುದು ಡಬಲ್ ಎ ನಿಯಮ. ಬಿಳಿ ಹಿನ್ನೆಲೆಯಲ್ಲಿ #777777 ಎಂಬ ಬೂದುಬಣ್ಣ 4.48ಕ್ಕೆ ನಿಂತು ಕೂದಲೆಳೆಯಲ್ಲಿ ಸೋಲುತ್ತದೆ. ಅದಕ್ಕಿಂತ ಒಂದೇ ಒಂದು ಮೆಟ್ಟಿಲು ಕಪ್ಪಾದ #767676 ಗೆಲ್ಲುತ್ತದೆ.

ಮನುಷ್ಯನ ಕಣ್ಣಿಗೆ ಹಸಿರು ಹೆಚ್ಚು ಬೆಳಗಿ ಕಾಣುತ್ತದೆ, ಕೆಂಪು ಅದಕ್ಕಿಂತ ಕಡಿಮೆ, ನೀಲಿ ತೀರಾ ಕಡಿಮೆ. ಸೂತ್ರದಲ್ಲೂ ಮೂರಕ್ಕೂ ಅದೇ ಪ್ರಕಾರ ಸುಮಾರು ಶೇ 72, 21, 7ರ ತೂಕ ಕೊಟ್ಟಿದ್ದಾರೆ. ಹಾಗಾಗಿ ಕಣ್ಣಂದಾಜು ಇಲ್ಲಿ ಕೈಕೊಡುತ್ತದೆ. ಕರ್ನಾಟಕದಲ್ಲಿ ಪುಟ ಮಾಡುವವರ ಕೈ ಮೊದಲು ಹೋಗುವುದು ಅರಿಶಿನ-ಕುಂಕುಮದ ಜೋಡಿಗೆ. ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪು ಅಕ್ಷರ ಬರೆದರೆ ಸಿಗುವ ಅಂಕಿ ಸುಮಾರು 3.7. ದೊಡ್ಡ ಶೀರ್ಷಿಕೆಗೆ ಸರಿ, ಪ್ಯಾರಾದ ಅಕ್ಷರಕ್ಕೆ ಸಾಲದು. ಕೆಂಪನ್ನು ಗಾಢಗೊಳಿಸಿ ಕಡುಗೆಂಪು ಮಾಡಿದರೆ ಅಂಕಿ 6 ದಾಟುತ್ತದೆ, ಕನ್ನಡ ಬಾವುಟದ ನೆನಪೂ ಉಳಿಯುತ್ತದೆ. ಬಣ್ಣವೊಂದರಿಂದಲೇ ಅರ್ಥ ತಿಳಿಸುವುದೂ ಬೇಡ. ‘ಕೆಂಪು ಬಣ್ಣದ ಖಾನೆಗಳು ಕಡ್ಡಾಯ’ ಎಂದರೆ ಕೆಂಪು-ಹಸಿರು ಭೇದ ಕಾಣದವರಿಗೆ ಉಪಯೋಗವಿಲ್ಲ. ‘ಕಡ್ಡಾಯ’ ಎಂದು ಬರೆದರೆ ಮುಗಿಯಿತು.

ಅಕ್ಷರದ ಗಾತ್ರವನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕುವ ಬದಲು ರೆಮ್ ಎಂಬ ಅಳತೆಯಲ್ಲಿ ಕೊಡಬೇಕು. ಬ್ರೌಸರ್‌ನಲ್ಲಿ ದೊಡ್ಡ ಅಕ್ಷರ ಆರಿಸಿಕೊಂಡವರಿಗೆ ಪುಟವೂ ಹಿಗ್ಗಿ ಹೊಂದಿಕೊಳ್ಳುತ್ತದೆ. ಇಂಗ್ಲಿಷಿಗಾಗಿ ಮಾಡಿದ ಮಾದರಿ ಪುಟಗಳನ್ನು ಕನ್ನಡಕ್ಕೆ ತಂದಾಗ ಎದುರಾಗುವ ಬೇರೆ ಪೇಚುಗಳಿವೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಅಕ್ಷರ ಗಾತ್ರದ 1.2 ಪಟ್ಟು ಇಂಗ್ಲಿಷಿಗೆ ಹೇಗೋ ನಡೆದೀತು, ಕನ್ನಡಕ್ಕೆ 1.6ರಿಂದ 1.8 ಪಟ್ಟು ಹಿತ. ಬಟನ್‌ಗೆ ಎತ್ತರ ನಿಗದಿ ಮಾಡಿಬಿಟ್ಟರೆ ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳ ಬುಡ ಕತ್ತರಿಸಿಹೋಗುತ್ತದೆ, ಎತ್ತರವನ್ನು ಒಳಗಿನ ಬರಹಕ್ಕೇ ಬಿಟ್ಟು ಸುತ್ತ ಜಾಗ ಕೊಡುವುದು ಮೇಲು. ವಿಂಡೋಸ್‌ನ ಹಳೆಯ ತುಂಗಾ ಫಾಂಟ್ ಅದೇ ಗಾತ್ರದ ಇಂಗ್ಲಿಷ್ ಅಕ್ಷರದ ಪಕ್ಕ ಕಿರಿದಾಗಿ ಕಾಣುತ್ತದೆ. ನೋಟೊ ಸಾನ್ಸ್ ಕನ್ನಡದಂಥ ಉಚಿತ ಫಾಂಟನ್ನು ಪುಟದ ಜೊತೆಗೇ ಒದಗಿಸಿದರೆ ಎಲ್ಲ ಸಾಧನಗಳಲ್ಲೂ ಒಂದೇ ರೂಪ ಸಿಗುತ್ತದೆ.

ಭಾಗಗಳನ್ನು ಅಕ್ಕಪಕ್ಕ ಜೋಡಿಸಲು ಫ್ಲೆಕ್ಸ್‌ಬಾಕ್ಸ್ ಮತ್ತು ಗ್ರಿಡ್ ಎಂಬ ಎರಡು ವಿಧಾನಗಳಿವೆ. 2017ರಲ್ಲಿ ಪ್ರಮುಖ ಬ್ರೌಸರ್‌ಗಳಿಗೆ ಗ್ರಿಡ್ ಬಂದ ಮೇಲೆ ಹಿಂದಿನ ಕಾಲದ ಕೋಷ್ಟಕದ ಕಸರತ್ತುಗಳು ಬೇಕಿಲ್ಲ. ಪರದೆಯ ಅಗಲಕ್ಕೆ ತಕ್ಕಂತೆ ಪುಟ ಬದಲಾಗುವ ವಿನ್ಯಾಸಕ್ಕೆ ರೆಸ್ಪಾನ್ಸಿವ್ ಎಂದು ಹೆಸರು; ಈಥನ್ ಮಾರ್ಕಾಟ್ 2010ರಲ್ಲಿ ಅದನ್ನು ವಿವರಿಸಿ ಬರೆದರು. ಮೊಬೈಲ್‌ನ ಒಂದೇ ಅಂಕಣದಿಂದ ಶುರುಮಾಡಿ ಅಗಲ ಪರದೆಗೆ ಬೆಳೆಸುವುದು ಸುಲಭ. ಎಚ್ಚರ ಬೇಕಾದ್ದು ಒಂದು ಕಡೆ: ಸಿಎಸ್‌ಎಸ್ ಮೂಲಕ ಭಾಗಗಳ ಸ್ಥಾನ ಅದಲುಬದಲು ಮಾಡಿದರೆ ಕಣ್ಣಿಗೆ ಕಾಣುವ ಕ್ರಮವೇ ಬೇರೆ, ಟ್ಯಾಬ್ ಕೀಲಿ ಮತ್ತು ಸ್ಕ್ರೀನ್ ರೀಡರ್ ಸಾಗುವ ಕ್ರಮವೇ ಬೇರೆ ಆಗುತ್ತದೆ. ಕ್ರಮ ಬದಲಿಸಬೇಕೆನಿಸಿದರೆ ಎಚ್‌ಟಿಎಂಎಲ್‌ನಲ್ಲೇ ಬದಲಿಸಬೇಕು.

ಟ್ಯಾಬ್ ಒತ್ತಿದಾಗ ಈಗ ಎಲ್ಲಿದ್ದೇವೆ ಎಂದು ತೋರಿಸಲು ಬ್ರೌಸರ್ ಕೊಂಡಿ, ಬಟನ್‌ಗಳ ಸುತ್ತ ಒಂದು ಗೆರೆ ಎಳೆಯುತ್ತದೆ. ಅಂದಗೆಡಿಸುತ್ತದೆಂದು ಆ ಗೆರೆಯನ್ನು ಒಂದೇ ಸಾಲಿನ ಸಿಎಸ್‌ಎಸ್‌ನಿಂದ ಅಳಿಸಿಹಾಕುವುದು ವಿನ್ಯಾಸಕಾರರ ಹಳೆಯ ರೂಢಿ, ಕೀಬೋರ್ಡ್ ನಂಬಿದವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಗೆರೆ ಇಷ್ಟವಾಗದಿದ್ದರೆ ಫೋಕಸ್-ವಿಸಿಬಲ್ ಎಂಬ ಸೂಚನೆ ಬಳಸಿ ಬೇರೆ ಬಣ್ಣದ ದಪ್ಪ ಗೆರೆ ಕೊಡಬಹುದು. ಮೌಸ್‌ನಿಂದ ಒತ್ತಿದಾಗ ಅದು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೂ ಇಲ್ಲ. ಬೆರಳಿನಿಂದ ಒತ್ತುವ ಬಟನ್‌ಗಳು ಕನಿಷ್ಠ 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರ ಇರಬೇಕು, ಇಲ್ಲವೇ ನಡುವೆ ಸಾಕಷ್ಟು ಅಂತರ ಇರಬೇಕು ಎಂಬ ನಿಯಮ ಡಬ್ಲ್ಯೂಸಿಎಜಿಯ 2.2 ಆವೃತ್ತಿಯಲ್ಲಿ ಸೇರಿದೆ. ಜಾರುವ, ತಿರುಗುವ ಚಿತ್ರಗಳಿಂದ ತಲೆಸುತ್ತು ಬರುವವರು ತಮ್ಮ ಮೊಬೈಲ್‌ನಲ್ಲೇ ಚಲನೆ ಬೇಡವೆಂದು ಆರಿಸಿಕೊಂಡಿರುತ್ತಾರೆ. ಆ ಆಯ್ಕೆಯನ್ನು ಸಿಎಸ್‌ಎಸ್ ಕೇಳಿ ತಿಳಿದುಕೊಂಡು ಚಲನೆಯನ್ನು ನಿಲ್ಲಿಸಬಲ್ಲದು.

ಜಾವಾಸ್ಕ್ರಿಪ್ಟ್ ಎಷ್ಟು ಬೇಕೋ ಅಷ್ಟೇ

ಶಿಬಿರದ ಪುಟಕ್ಕೆ ಜಾವಾಸ್ಕ್ರಿಪ್ಟ್ ಬೇಕಾಗುವುದು ಎರಡೇ ಕಡೆ. ಮೊದಲನೆಯದು ಮೊಬೈಲ್‌ನಲ್ಲಿ ಮೂರು ಗೆರೆಯ ಗುರುತು ಒತ್ತಿದಾಗ ತೆರೆಯುವ ಮೆನು. ಅದು ನಿಜವಾದ ಬಟನ್ ಆಗಿರಬೇಕು, ಮೂರು ಗೆರೆಗೆ ‘ಮೆನು’ ಎಂಬ ಹೆಸರಿರಬೇಕು, ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ಏರಿಯಾ-ಎಕ್ಸ್‌ಪ್ಯಾಂಡೆಡ್ ಎಂಬ ಗುಣಲಕ್ಷಣದಲ್ಲಿ ಜಾವಾಸ್ಕ್ರಿಪ್ಟ್ ಪ್ರತಿ ಸಲ ಬದಲಿಸುತ್ತಿರಬೇಕು. ಎಸ್ಕೇಪ್ ಕೀಲಿ ಒತ್ತಿದರೆ ಮೆನು ಮುಚ್ಚಿ, ಕೀಬೋರ್ಡಿನ ಗುರಿ, ಅಂದರೆ ಫೋಕಸ್, ಮತ್ತೆ ಅದೇ ಬಟನ್ ಮೇಲೆ ಬಂದು ನಿಂತರೆ ಇನ್ನೂ ಚೆನ್ನ. ಪದೇ ಪದೇ ಕೇಳುವ ಪ್ರಶ್ನೆಗಳ ವಿಭಾಗಕ್ಕಂತೂ ಜಾವಾಸ್ಕ್ರಿಪ್ಟ್ ಬೇಕಾಗಿಯೇ ಇಲ್ಲ. ಡೀಟೇಲ್ಸ್ ಮತ್ತು ಸಮ್ಮರಿ ಎಂಬ ಟ್ಯಾಗ್‌ಗಳೇ ತೆರೆದು ಮುಚ್ಚುವ ಕೆಲಸ ಮಾಡುತ್ತವೆ.

ಎರಡನೆಯದು ಅರ್ಜಿಯ ತಪ್ಪು ತಿದ್ದುವುದು. ಫೋನ್ ನಂಬರಿನಲ್ಲಿ ಒಂಬತ್ತೇ ಅಂಕಿಗಳಿದ್ದರೆ ಖಾನೆಯ ಅಂಚನ್ನು ಕೆಂಪಾಗಿಸಿ ಸುಮ್ಮನಾಗುವುದು ಸಾಲದು. ‘ಫೋನ್ ನಂಬರಿನಲ್ಲಿ ಹತ್ತು ಅಂಕಿಗಳಿರಬೇಕು’ ಎಂಬ ಮಾತು ಖಾನೆಯ ಕೆಳಗೆ ಬಂದು, ಆ ಖಾನೆಯ ಜೊತೆ ಬೆಸೆದುಕೊಂಡು, ಗುರಿ ಅಲ್ಲಿಗೆ ಹೋಗಬೇಕು. ತುಂಬಿದ್ದ ಬೇರೆ ಖಾನೆಗಳು ಹಾಗೇ ಉಳಿಯಬೇಕು.

ಏರಿಯಾ ಎಂಬುದು ಹೀಗೆ ಎಚ್‌ಟಿಎಂಎಲ್‌ನಿಂದ ಹೇಳಲಾಗದ್ದನ್ನು ಸ್ಕ್ರೀನ್ ರೀಡರ್‌ಗೆ ತಿಳಿಸುವ ಗುಣಲಕ್ಷಣಗಳ ಗುಂಪು. ಹೊಸದಾಗಿ ಕಲಿತವರು ಅದನ್ನು ಎಲ್ಲೆಡೆ ಸುರಿಯುತ್ತಾರೆ. ತಕ್ಕ ಟ್ಯಾಗ್ ಇದ್ದರೆ ಏರಿಯಾ ಬಳಸಬೇಡಿ ಎಂಬುದೇ ಅದನ್ನು ರೂಪಿಸಿದವರ ಮೊದಲ ನಿಯಮ. ವೆಬ್‌ಏಮ್ ಸಮೀಕ್ಷೆಗಳಲ್ಲೂ ಏರಿಯಾ ಬಳಸಿದ ಪುಟಗಳಲ್ಲಿ ಸರಾಸರಿ ತಪ್ಪುಗಳು ಹೆಚ್ಚಾಗಿಯೇ ಕಂಡಿವೆ.

ಪರೀಕ್ಷೆ

ಪುಟ ಸಿದ್ಧವಾದ ಮೇಲೆ ಮೊದಲ ಪರೀಕ್ಷೆಗೆ ಯಾವ ತಂತ್ರಾಂಶವೂ ಬೇಡ. ಮೌಸನ್ನು ಬದಿಗಿಟ್ಟು, ಟ್ಯಾಬ್, ಎಂಟರ್, ಸ್ಪೇಸ್ ಕೀಲಿಗಳಿಂದಲೇ ಅರ್ಜಿ ತುಂಬಿ ಕಳಿಸಲು ನೋಡಬೇಕು. ಗುರಿ ಎಲ್ಲಾದರೂ ಕಣ್ಮರೆಯಾದರೆ ಅಥವಾ ಸಿಕ್ಕಿಬಿದ್ದರೆ ಅಲ್ಲಿ ತಪ್ಪಿದೆ. ಪ್ರತಿ ಸಲ ಇಡೀ ಮೆನು ದಾಟಿ ಬರುವುದು ಬೇಸರವೆನಿಸಿದರೆ, ಪುಟದ ಆರಂಭದಲ್ಲಿ ‘ಮುಖ್ಯ ವಿಷಯಕ್ಕೆ ಹೋಗಿ’ ಎಂಬ ಕೊಂಡಿ ಏಕೆ ಇರಬೇಕೆಂಬುದು ಆಗಲೇ ಅರ್ಥವಾಗುತ್ತದೆ. ಬಳಿಕ ಪುಟವನ್ನು ಶೇ 400ರಷ್ಟು ಹಿಗ್ಗಿಸಿ ನೋಡಬೇಕು. 1280 ಪಿಕ್ಸೆಲ್ ಅಗಲದ ಪರದೆಯಲ್ಲಿ ಆಗ ಉಳಿಯುವುದು 320 ಪಿಕ್ಸೆಲ್‌ನಷ್ಟು ಜಾಗ, ಅಂದರೆ ಸಣ್ಣ ಮೊಬೈಲ್‌ನಷ್ಟು. ಓದಲು ಎಡಕ್ಕೂ ಬಲಕ್ಕೂ ಎಳೆದಾಡಬೇಕಾಗಿ ಬರಬಾರದು.

ಕ್ರೋಮ್ ಬ್ರೌಸರ್‌ನಲ್ಲಿರುವ ಲೈಟ್‌ಹೌಸ್, ಸೇರಿಸಿಕೊಳ್ಳಬಹುದಾದ ಆ್ಯಕ್ಸ್, ವೆಬ್‌ಏಮ್‌ನದೇ ಆದ ವೇವ್ ಇವು ಯಾಂತ್ರಿಕ ತಪಾಸಣೆ ಮಾಡಿ ತಪ್ಪುಗಳನ್ನು ತೋರಿಸುತ್ತವೆ. ಲೈಟ್‌ಹೌಸ್ 100 ಅಂಕ ಕೊಟ್ಟಿತೆಂದು ಬೀಗಬೇಕಿಲ್ಲ. ಆಲ್ಟ್ ಇದೆಯೋ ಇಲ್ಲವೋ ಎಂದು ಯಂತ್ರ ಹೇಳಬಲ್ಲದು. ಅದರಲ್ಲಿ ಬರೆದದ್ದಕ್ಕೆ ಅರ್ಥವಿದೆಯೇ ಎಂಬುದನ್ನು ಹೇಳಲಾರದು.

ಆಮೇಲಿನದು ಕೇಳುವ ಪರೀಕ್ಷೆ. ವಿಂಡೋಸ್ ಕಂಪ್ಯೂಟರ್‌ಗೆ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಇದೆ. ಅಂಧರೇ ಆದ ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಇದನ್ನು ಆರಂಭಿಸಿದರು, ಮುಂದೆ ಜೇಮ್ಸ್ ಟೆ ಜೊತೆಯಾದರು. ಅದರೊಂದಿಗೆ ಬರುವ ಈಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ಯಂತ್ರದ ದನಿ ಒರಟು, ಆದರೆ ಮಾತು ಅರ್ಥವಾಗುತ್ತದೆ. ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಟಾಕ್‌ಬ್ಯಾಕ್, ಐಫೋನ್‌ನಲ್ಲಿ ವಾಯ್ಸ್‌ಓವರ್ ಇರುತ್ತವೆ. ಪರದೆ ನೋಡದೆ ಶಿಬಿರದ ದಿನಾಂಕ ಕಂಡುಹಿಡಿದು ಹೆಸರು ನೋಂದಾಯಿಸಲು ಆಗುತ್ತದೆಯೇ ಎಂದು ಪ್ರಯತ್ನಿಸಿದರೆ ಪುಟದ ಹುಳುಕೆಲ್ಲ ಹೊರಬೀಳುತ್ತದೆ. ಆದರೂ ಕಣ್ಣಿದ್ದವರು ಹತ್ತು ನಿಮಿಷ ಕಣ್ಣು ಮುಚ್ಚಿ ಕೂತರೆ ಪೂರ್ತಿ ತಿಳಿಯುವಂಥದ್ದಲ್ಲ ಇದು. ದಿನವೂ ಸ್ಕ್ರೀನ್ ರೀಡರ್ ಬಳಸುವವರಿಗೆ ಪುಟ ತೋರಿಸಿ ಕೇಳುವುದೇ ಸರಿಯಾದ ದಾರಿ.

ಭಾರತದಲ್ಲಿ ಇದು ದಾಕ್ಷಿಣ್ಯದ ಮಾತಾಗಿ ಉಳಿದಿಲ್ಲ. ಸರ್ಕಾರಿ ತಾಣಗಳಿಗೆ 2009ರಿಂದಲೇ ಮಾರ್ಗಸೂಚಿಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾಹಿತಿ ತಂತ್ರಜ್ಞಾನವನ್ನೂ ಒಳಗೊಂಡಿದೆ. ಬ್ಯಾಂಕ್ ಕೆವೈಸಿಗಾಗಿ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಲಾಗದ ಆಸಿಡ್ ದಾಳಿ ಸಂತ್ರಸ್ತರು ಮತ್ತು ದೃಷ್ಟಿದೋಷವುಳ್ಳವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟು, ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದಿತು. ಕಂಪನಿಗಳು ಈ ವಿದ್ಯೆ ಬಲ್ಲವರನ್ನು ಹುಡುಕಲು ಇಂಥ ಕಾನೂನುಗಳೂ ಕಾರಣ.

ತಯಾರಾದ ಪುಟವನ್ನು ಗಿಟ್‌ಹಬ್ ಪೇಜಸ್‌ನಂಥ ಕಡೆ ಕಾಸಿಲ್ಲದೆ ಪ್ರಕಟಿಸಬಹುದು. ಅರ್ಜಿಯಲ್ಲಿ ತುಂಬಿದ ವಿವರ ಎಲ್ಲಾದರೂ ಉಳಿಯಬೇಕೆಂದರೆ ಸರ್ವರ್ ಬೇಕು. ಅದು ಫ್ರಂಟ್-ಎಂಡ್‌ನ ಗಡಿಯಾಚೆಯ ಕೆಲಸವಾದ್ದರಿಂದ ಮೊದಲಿಗೆ ಸಿದ್ಧ ಫಾರ್ಮ್ ಸೇವೆಯೊಂದನ್ನು ಜೋಡಿಸಿಕೊಳ್ಳುವುದುಂಟು. ಮುಂದಿನ ಓದಿಗೆ ಮೊಜಿಲ್ಲಾ ನಡೆಸುವ ಎಂಡಿಎನ್ ಕೋಶಕ್ಕಿಂತ ಉತ್ತಮ ಆಕರ ಇನ್ನೊಂದಿಲ್ಲ, ಅದೂ ಉಚಿತ, ಇಂಗ್ಲಿಷಿನಲ್ಲಿದೆ. ರಿಯಾಕ್ಟ್‌ನಂಥ ಫ್ರೇಮ್‌ವರ್ಕ್‌ಗಳ ಸರದಿ ಇದಾದ ಮೇಲೆ. ಅವು ಕೊನೆಗೆ ಬ್ರೌಸರ್‌ಗೆ ಕೊಡುವುದೂ ಎಚ್‌ಟಿಎಂಎಲ್ ಅನ್ನೇ. ಡಿವ್‌ಗೂ ಬಟನ್‌ಗೂ ಇರುವ ವ್ಯತ್ಯಾಸ ಗೊತ್ತಿಲ್ಲದೆ ಅವುಗಳನ್ನು ಕಲಿಯಲು ಹೊರಡುವವರು ಒಮ್ಮೆ ಹಿಂದಿರುಗಿ ಇಂಥದೊಂದು ಪುಟ ಕಟ್ಟಿ ಹೋಗುವುದು ಒಳ್ಳೆಯದು.